ಬಡ ಮಣ್ಣಿನ ಭತ್ತಕ್ಕೆ ಯಾವ ಸಾವಯವ ಗೊಬ್ಬರ?

ಪೈರು ಏಳುತ್ತಿಲ್ಲ ಎಂದ ಕೂಡಲೇ ನಾಲ್ವರು ನಾಲ್ಕು ಹೆಸರು ಹೇಳುತ್ತಾರೆ. ಒಬ್ಬರು ಎರೆಗೊಬ್ಬರ ಎನ್ನುತ್ತಾರೆ, ಇನ್ನೊಬ್ಬರು ಡಯಂಚ ಎಂಬ ಹಸಿರೆಲೆ ಗೊಬ್ಬರದ ಗಿಡ, ಮತ್ತೊಬ್ಬರು ಬೇವಿನ ಹಿಂಡಿ, ಕೊನೆಯವರು ಡ್ರಮ್ಮಿನಲ್ಲಿ ಕೊಳೆಸಿದ ದ್ರವ. ನಾಲ್ಕೂ ಎಲ್ಲೋ ಒಂದು ಗದ್ದೆಯಲ್ಲಿ ಕೆಲಸ ಮಾಡಿಯೇ ಇರುತ್ತವೆ. ನಿಮ್ಮ ಗದ್ದೆಯಲ್ಲಿ ಮಾಡುತ್ತವೆಯೇ ಎಂಬುದು ಗೊಬ್ಬರದ ಹೆಸರಿನಿಂದ ತಿಳಿಯುವುದಿಲ್ಲ, ಆ ಮಣ್ಣು ಯಾಕೆ ಬಡವಾಯಿತು ಎಂಬುದರಿಂದ ತಿಳಿಯುತ್ತದೆ.

ಬಡ ಮಣ್ಣನ್ನು ನಾನು ಎರಡು ಬಗೆಯಾಗಿ ನೋಡುತ್ತೇನೆ: ಹಸಿದ ಮಣ್ಣು ಮತ್ತು ಕಾಯಿಲೆ ಬಿದ್ದ ಮಣ್ಣು. ವರ್ಷಗಟ್ಟಲೆ ಬೆಳೆ ತೆಗೆದು, ಹುಲ್ಲನ್ನೂ ಹೊತ್ತೊಯ್ದು, ಏನನ್ನೂ ಹಿಂದಿರುಗಿಸದ ಗದ್ದೆ ಹಸಿದದ್ದು. ಅದಕ್ಕೆ ಏನು ಕೊಟ್ಟರೂ ಅಷ್ಟಿಷ್ಟು ಗುಣ ಕಾಣುತ್ತದೆ. ನೀರು ಬಸಿಯದೆ ಕಬ್ಬಿಣದ ನಂಜೇರಿದ ತಗ್ಗು, ಸವಳು ಹತ್ತಿದ ಗದ್ದೆ, ಸತು ಸಿಗದ ಮಣ್ಣು, ಇವು ಕಾಯಿಲೆಯವು. ಇಲ್ಲಿ ಗೊಬ್ಬರ ಸುರಿಯುವುದು ಜ್ವರ ಬಂದವನಿಗೆ ಹಬ್ಬದೂಟ ಬಡಿಸಿದ ಹಾಗೆ. ಕೆಲವೊಮ್ಮೆ ಕಾಯಿಲೆ ಹೆಚ್ಚುತ್ತದೆ. ಆದ್ದರಿಂದ ಹೋಲಿಕೆಗೆ ಇಳಿಯುವ ಮೊದಲು ಒಂದು ಸುತ್ತು ಗದ್ದೆ ನೋಡಿ ಬರೋಣ.

ಮೊದಲು ಗದ್ದೆ ನೋಡಿ

ಮಣ್ಣು ಪರೀಕ್ಷೆ ಮಾಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ವರದಿಯಲ್ಲಿ ರಸಸಾರ, ಅಂದರೆ ಪಿಎಚ್, ಮತ್ತು ಸಾವಯವ ಇಂಗಾಲ ಈ ಎರಡು ಅಂಕಿಗಳನ್ನು ಮೊದಲು ಓದಿ. ಇಂಗಾಲ ಅರ್ಧ ಪ್ರತಿಶತಕ್ಕಿಂತ ಕಡಿಮೆ ಇದ್ದು ರಸಸಾರ 6ರಿಂದ 7.5ರ ನಡುವೆ ಇದ್ದರೆ ನಿಮ್ಮದು ಬಹುಮಟ್ಟಿಗೆ ಹಸಿದ ಮಣ್ಣು. ರಸಸಾರ 5ಕ್ಕಿಂತ ಕೆಳಗೋ 8.5ಕ್ಕಿಂತ ಮೇಲೋ ಇದ್ದರೆ ಕಾಯಿಲೆಯ ಅನುಮಾನ ಶುರುವಾಗಬೇಕು.

ಪ್ರಯೋಗಾಲಯ ಹೇಳದ ಕೆಲವು ಸಂಗತಿಗಳನ್ನು ಪೈರೇ ಹೇಳುತ್ತದೆ. ಎಲೆಯ ತುದಿಯಿಂದ ಸಣ್ಣ ಕಂದು ಚುಕ್ಕೆ ಶುರುವಾಗಿ, ಹಳೆಯ ಎಲೆಗಳೆಲ್ಲ ಕಂಚಿನ ಬಣ್ಣಕ್ಕೆ ತಿರುಗುತ್ತಿವೆಯೇ? ನಿಂತ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ ಇದೆಯೇ? ಆ ಪೊರೆಯನ್ನು ಕಡ್ಡಿಯಿಂದ ಮುಟ್ಟಿ ನೋಡಿ. ನಿಜವಾದ ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಲ್ಲುತ್ತದೆ. ಒಂದು ಬುಡ ಕಿತ್ತು ಬೇರು ತೊಳೆಯಿರಿ. ಹೊಸ ಬೇರು ಬೆಳ್ಳಗಿದ್ದು ಹಳೆಯದು ತೆಳು ಕಂದಾಗಿದ್ದರೆ ಕ್ಷೇಮ. ಕಪ್ಪಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಕೆಸರಿನಲ್ಲಿ ಗಂಧಕದ ವಿಷಾನಿಲ ಕಟ್ಟಿಕೊಂಡಿದೆ, ಅಲ್ಲಿಗೆ ಹಸಿ ಗೊಬ್ಬರದ ಮಾತೇ ಬೇಡ.

ಇನ್ನೊಂದು ಗುರುತು ಸತುವಿನದು. ನಾಟಿಯಾದ ಎರಡರಿಂದ ನಾಲ್ಕು ವಾರದೊಳಗೆ ಎಳೆ ಎಲೆಯ ಬುಡದಲ್ಲಿ ನಡುನರ ಬಿಳಿಚಿಕೊಂಡು, ಹಳೆಯ ಎಲೆಗಳಲ್ಲಿ ತುಕ್ಕಿನಂಥ ಮಚ್ಚೆ ಬಂದು, ಗದ್ದೆ ಅಲ್ಲಲ್ಲಿ ಗಿಡ್ಡವಾಗಿ ನಿಂತುಬಿಡುತ್ತದೆ. ಭತ್ತದ ಖೈರಾ ಎಂಬ ಈ ತೊಂದರೆಯನ್ನು ಮೊದಲು ರೋಗವೆಂದೇ ತಿಳಿದಿದ್ದರು. ಅದು ಸತುವಿನ ಕೊರತೆ ಎಂದು 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ವೈ. ಎಲ್. ನೆನೆ ತೋರಿಸಿಕೊಟ್ಟರು.

ಸಾರಜನಕದ ಲೆಕ್ಕ

ಒಂದು ಟನ್ ಭತ್ತ ಬೆಳೆಯಲು ಪೈರು ಸುಮಾರು 15ರಿಂದ 20 ಕಿಲೋ ಸಾರಜನಕ ಹೀರುತ್ತದೆ. ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಷ್ ಕೂಡ ಬೇಕು, ರಂಜಕ ಇವೆರಡಕ್ಕಿಂತ ಎಷ್ಟೋ ಕಡಿಮೆ. ಈ ಒಂದು ಅಂಕಿ ತಲೆಯಲ್ಲಿದ್ದರೆ ಅರ್ಧ ಜಾಹೀರಾತುಗಳು ತಾವೇ ಉದುರಿಹೋಗುತ್ತವೆ. ಯಾವ ಗೊಬ್ಬರದ ಒಂದು ಟನ್ನಿನಲ್ಲಿ ಎಷ್ಟು ಸಾರಜನಕ ಇರುತ್ತದೆ, ಅದು ಎಷ್ಟು ಬೇಗ ಬಿಡುಗಡೆಯಾಗುತ್ತದೆ ಎಂಬುದನ್ನು ಅಂದಾಜಿಗಾಗಿ ಕೆಳಗೆ ಕೊಟ್ಟಿದ್ದೇನೆ.

| ಗೊಬ್ಬರ | ಒಂದು ಟನ್ನಿಗೆ ಸಾರಜನಕ | ಸಿಗುವ ವೇಗ |
|---|---|---|
| ಕೊಟ್ಟಿಗೆ ಗೊಬ್ಬರ | ಸುಮಾರು 5 ಕಿಲೋ | ನಿಧಾನ, ಮೊದಲ ಬೆಳೆಗೆ ಕಾಲು ಭಾಗದಷ್ಟು |
| ಎರೆಗೊಬ್ಬರ | 10–15 ಕಿಲೋ | ಮಧ್ಯಮ |
| ಕಳಿತ ಕೋಳಿ ಗೊಬ್ಬರ | 20–30 ಕಿಲೋ | ಬೇಗ |
| ಬೇವಿನ ಹಿಂಡಿ, ಹೊಂಗೆ ಹಿಂಡಿ | 40–50 ಕಿಲೋ | ಕೆಲವೇ ವಾರ |
| ಹಸಿ ಡಯಂಚ | 4–5 ಕಿಲೋ | ತುಂಬಾ ಬೇಗ |
| ಹಸಿ ಅಜೋಲಾ (ನೀರಿನ ಮೇಲೆ ಬೆಳೆಯುವ ಜರಿಗಿಡ) | 2–2.5 ಕಿಲೋ | ಮಣ್ಣಿಗೆ ಸೇರಿಸಿದರೆ ಬೇಗ |
| ಭತ್ತದ ಹುಲ್ಲು | 5–8 ಕಿಲೋ | ಮೊದಲು ಕೊಡುವುದಿಲ್ಲ, ಕಸಿಯುತ್ತದೆ |

ಡಯಂಚದ ಸಾಲು ನೋಡಿ ನಿರಾಶರಾಗಬೇಡಿ. ಅದನ್ನು ಯಾರೂ ಹೊತ್ತು ತರಬೇಕಿಲ್ಲ, ಗದ್ದೆಯಲ್ಲೇ ಎಕರೆಗೆ ಆರರಿಂದ ಎಂಟು ಟನ್ ಬೆಳೆಯುತ್ತದೆ.

ಡಯಂಚವೋ ಕೊಟ್ಟಿಗೆ ಗೊಬ್ಬರವೋ

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ, ಉಳಿದವು ಮೇಲೊಗರ.

ಡಯಂಚ ಹಾಕಿದ ಬೆಳೆಗೇ ಊಟ ಹಾಕುತ್ತದೆ. ಎಕರೆಗೆ 20–25 ಕಿಲೋ ಬೀಜ ಚೆಲ್ಲಿ, 45ರಿಂದ 50 ದಿನಕ್ಕೆ, ಕಾಂಡ ಇನ್ನೂ ಎಳೆಯದಾಗಿರುವಾಗ ಕೆಸರಿಗೆ ತುಳಿಸಿದರೆ ಎಕರೆಗೆ 25ರಿಂದ 40 ಕಿಲೋ ಸಾರಜನಕ ಮಣ್ಣಿಗೆ ಬರುತ್ತದೆ. ನೀರು ನಿಂತ ಮಣ್ಣಿನಲ್ಲಿ ಎಳೆ ಸೊಪ್ಪು ಒಂದೆರಡು ವಾರದಲ್ಲಿ ಕರಗಿಬಿಡುತ್ತದೆ. ಹಾಗಾಗಿ ತುಳಿಸಿದ ನಾಲ್ಕೈದು ದಿನಕ್ಕೇ ನಾಟಿ ಮಾಡಬಹುದು, ತಿಂಗಳುಗಟ್ಟಲೆ ಕಾಯಬೇಕಿಲ್ಲ. 60 ದಿನ ದಾಟಿದರೆ ಕಾಂಡ ನಾರು ಬಿಟ್ಟು ಕಟ್ಟಿಗೆಯಾಗುತ್ತದೆ. ಆಗ ಕರಗುವುದೂ ತಡ, ನಾಟಿ ಮಾಡುವವರ ಕಾಲಿಗೆ ಚುಚ್ಚುವುದೂ ಖಚಿತ.

ಡಯಂಚ ಹಾಕಿದವರಲ್ಲಿ ಅನೇಕರು ಒಂದು ಸಂಗತಿ ಗಮನಿಸುವುದಿಲ್ಲ: ತೀರಾ ಬಡ ಮಣ್ಣಿನಲ್ಲಿ ಡಯಂಚವೂ ಬಡವಾಗಿಯೇ ಬೆಳೆಯುತ್ತದೆ. ಗಾಳಿಯ ಸಾರಜನಕ ಹಿಡಿಯಲು ಬೇರಿನ ಗಂಟುಗಳಿಗೆ ರಂಜಕ ಬೇಕು. ಮಣ್ಣಿನಲ್ಲಿ ರಂಜಕವೇ ಇಲ್ಲದಿದ್ದರೆ ಮೊಣಕಾಲೆತ್ತರದ ಹಳದಿ ಗಿಡ ಬಂದು, ಸಾವಯವ ಕೃಷಿ ಎಂದರೆ ಇಷ್ಟೇ ಎಂದು ಬೇಸರ ಹುಟ್ಟುತ್ತದೆ. ಹುಳಿ ಮಣ್ಣಾದರೆ ಶಿಲಾರಂಜಕವನ್ನು, ಅಂದರೆ ರಂಜಕದ ಕಲ್ಲುಪುಡಿಯನ್ನು, ಭತ್ತಕ್ಕೆ ಹಾಕುವ ಬದಲು ಡಯಂಚಕ್ಕೇ ಹಾಕಿ. ಅದು ಹೀರಿಕೊಂಡ ರಂಜಕ ಸೊಪ್ಪಿನ ರೂಪದಲ್ಲಿ ಭತ್ತಕ್ಕೆ ದಾಟುತ್ತದೆ. ನಡುವೆ ಒಂದು ಗಿಡ ಕಿತ್ತು ಗಂಟು ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಕೆಲಸ ನಡೆಯುತ್ತಿದೆ, ಬಿಳಿಯೋ ಹಸಿರೋ ಇದ್ದರೆ ಇಲ್ಲ. ಆ ಗದ್ದೆಯಲ್ಲಿ ಹಿಂದೆಂದೂ ಡಯಂಚ ಬೆಳೆದಿಲ್ಲವಾದರೆ ಬೀಜಕ್ಕೆ ರೈಜೋಬಿಯಂ ಎಂಬ ಗಂಟು ಕಟ್ಟುವ ಸೂಕ್ಷ್ಮಜೀವಿಯನ್ನು ಲೇಪಿಸುವುದು ಒಳ್ಳೆಯದು.

ಅಪ್ಪಸೆಣಬೂ ಇದೇ ಕೆಲಸ ಮಾಡುತ್ತದೆ, ಆದರೆ ನೀರು ನಿಂತರೆ ಸೋಲುತ್ತದೆ. ಎತ್ತರದ, ಬಸಿಯುವ ಗದ್ದೆಗೆ ಅಪ್ಪಸೆಣಬು, ತಗ್ಗಿಗೆ ಮತ್ತು ಸವಳಿಗೆ ಡಯಂಚ. ಆರು ವಾರ ಗದ್ದೆ ಬಿಟ್ಟುಕೊಡಲು ಸಮಯವಿಲ್ಲ, ನೀರಿಲ್ಲ ಎನ್ನುವವರಿಗೆ ಬದುವಿನ ಗ್ಲಿರಿಸಿಡಿಯಾ ಸೊಪ್ಪು ಉಳಿಯುತ್ತದೆ. ಅದಕ್ಕೆ ಭೂಮಿ ಬೇಡ, ಕಡಿದು ಹೊರುವ ತೋಳು ಬೇಕು.

ಕೊಟ್ಟಿಗೆ ಗೊಬ್ಬರದ ಸ್ವಭಾವವೇ ಬೇರೆ. ಎಕರೆಗೆ ನಾಲ್ಕು ಟನ್ ಹಾಕಿದಿರಿ ಎನ್ನೋಣ. ಒಳಗಿರುವುದು 20 ಕಿಲೋ ಸಾರಜನಕ, ಈ ಬೆಳೆಗೆ ಸಿಗುವುದು ಐದಾರು ಕಿಲೋ. ಅಂದರೆ ಒಂದು ಟನ್ ಹೆಚ್ಚುವರಿ ಭತ್ತಕ್ಕೆ ಬೇಕಾದದ್ದರ ಮೂರನೇ ಒಂದು ಪಾಲು. ಮೊದಲ ವರ್ಷ ಕೊಟ್ಟಿಗೆ ಗೊಬ್ಬರವನ್ನೇ ನಂಬಿ ಕೂತವರು ಸೋಲುವುದು ಇಲ್ಲಿಯೇ. ಆದರೆ ಉಳಿದದ್ದು ಎಲ್ಲೂ ಹೋಗುವುದಿಲ್ಲ, ಮಣ್ಣಿನ ಬಂಡವಾಳವಾಗುತ್ತದೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಒಂದು ಬಾರ್ಲಿ ತಾಕಿಗೆ 1852ರಿಂದ 1871ರವರೆಗೆ ಪ್ರತಿವರ್ಷ ಕೊಟ್ಟಿಗೆ ಗೊಬ್ಬರ ಹಾಕಿ ಆಮೇಲೆ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಆ ತಾಕಿನ ಮಣ್ಣಿನಲ್ಲಿ ಗೊಬ್ಬರವನ್ನೇ ಕಾಣದ ಪಕ್ಕದ ತಾಕಿಗಿಂತ ಸಾವಯವ ಅಂಶ ಹೆಚ್ಚಿತ್ತು. ಡಯಂಚದಿಂದ ಇಂಥ ಬಾಳಿಕೆ ನಿರೀಕ್ಷಿಸಲಾಗದು. ಅದು ಬೇಗ ಕರಗುತ್ತದೆ, ಬೇಗ ಮುಗಿಯುತ್ತದೆ.

ಆದ್ದರಿಂದ ನನ್ನ ತೀರ್ಮಾನ: ಮೊದಲ ಎರಡು ಮೂರು ವರ್ಷ ಇಳುವರಿಗೆ ಡಯಂಚ, ಜೊತೆಜೊತೆಗೆ ಮಣ್ಣು ಕಟ್ಟಲು ಕೈಗೆಟುಕಿದಷ್ಟು ಕೊಟ್ಟಿಗೆ ಗೊಬ್ಬರ. ಒಂದನ್ನೇ ಆರಿಸಬೇಕೆಂದರೆ ನೀರು ಮತ್ತು ಆರು ವಾರ ಇದ್ದವರು ಡಯಂಚ ಹಿಡಿಯಲಿ. ಹಾಗೆಯೇ, ಕೊಟ್ಟಿಗೆ ಗೊಬ್ಬರ ಎಂಬ ಹೆಸರಿಗೆ ಮರುಳಾಗಬೇಡಿ. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದಲ್ಲಿರುತ್ತದೆ. ಗಂಜಲ ಹರಿದುಹೋಗಲು ಬಿಟ್ಟು, ತಿಪ್ಪೆಯನ್ನು ಬಿಸಿಲು ಮಳೆಗೆ ಒಡ್ಡಿ ಮಾಡಿದ ಗೊಬ್ಬರದಲ್ಲಿ ಮೇಲಿನ ಪಟ್ಟಿಯ ಐದು ಕಿಲೋವೂ ಇರಲಾರದು. ಕಾಲಡಿ ಹುಲ್ಲು ಹಾಸಿ ಗಂಜಲ ಹೀರಿಸಿ, ತಿಪ್ಪೆಗೆ ನೆರಳು ಮಾಡಿದರೆ ಅದೇ ದನಗಳಿಂದ ಬೇರೆಯದೇ ಗೊಬ್ಬರ ಬರುತ್ತದೆ.

ಹಿಂಡಿ, ಎರೆಗೊಬ್ಬರ, ಕೋಳಿ ಗೊಬ್ಬರ

ಮೂರನ್ನೂ ಸಾಮಾನ್ಯವಾಗಿ ಕೊಂಡು ತರುತ್ತೇವೆ. ಆದ್ದರಿಂದ ಒಂದು ಕಿಲೋ ಸಾರಜನಕಕ್ಕೆ ಎಷ್ಟು ಖರ್ಚಾಯಿತು ಎಂದು ಲೆಕ್ಕ ಹಾಕಿ ಹೋಲಿಸಿ, ಚೀಲದ ಬೆಲೆಯಿಂದಲ್ಲ. ಎರೆಗೊಬ್ಬರ ಈ ಲೆಕ್ಕದಲ್ಲಿ ಹೆಚ್ಚಾಗಿ ಸೋಲುತ್ತದೆ. ಸಸಿಮಡಿಗೆ ಅದು ಸೊಗಸು, ಇಡೀ ಗದ್ದೆಗೆ ದುಬಾರಿ ಶೋಕಿ. ನೀವೇ ತಯಾರಿಸುತ್ತಿದ್ದರೆ ಮಾತು ಬೇರೆ.

ಹಿಂಡಿಯ ಬಲವೆಂದರೆ ಸಮಯ. ತೆಂಡೆ (ಬುಡದಿಂದ ಏಳುವ ಮರಿಕಾಂಡ) ಒಡೆಯುವಾಗ, ತೆನೆ ಕಟ್ಟಲು ಶುರುವಾಗುವಾಗ ಪೈರಿಗೆ ಹಸಿವು ಹೆಚ್ಚು. ಕೊಟ್ಟಿಗೆ ಗೊಬ್ಬರಕ್ಕೆ ಆ ಹೊತ್ತಿಗೆ ಸರಿಯಾಗಿ ಬಡಿಸಲು ಬರುವುದಿಲ್ಲ, ಹಿಂಡಿಗೆ ಬರುತ್ತದೆ. ಹಿಂಡಿಯ ಸಾರಜನಕ ಬಿಡುಗಡೆಯಾಗಲು ಎರಡು ಮೂರು ವಾರ ಹಿಡಿಯುವುದರಿಂದ, ಬೇಕಾದ ದಿನಕ್ಕಿಂತ ಅಷ್ಟು ಮುಂಚೆ ಹಾಕಬೇಕು. ಹಿಂಡಿಯನ್ನು ಪುಡಿ ಮಾಡಿ, ನೀರು ತೆಳುವಾಗಿಸಿ, ಚೆಲ್ಲಿದ ಮೇಲೆ ಕಳೆ ಯಂತ್ರ ಆಡಿಸಿ ಕೆಸರಿಗೆ ಸೇರಿಸಿ. ಮೇಲೆ ತೇಲಲು ಬಿಟ್ಟರೆ ಅರ್ಧ ಗಾಳಿಪಾಲು. ಎಲೆಯ ಹಸಿರನ್ನು ಹೋಲಿಸಿ ನೋಡುವ ಎಲೆ ಬಣ್ಣದ ಪಟ್ಟಿ ಇದ್ದರೆ ವಾರಕ್ಕೊಮ್ಮೆ ಹಿಡಿದು ನೋಡಿ, ಎಲೆಯ ಬಣ್ಣ ತೆಳುವಾಗತೊಡಗಿದಾಗಲೇ ಕೈ ಹಾಕಬಹುದು.

ಕೋಳಿ ಗೊಬ್ಬರದಲ್ಲಿ ರಂಜಕ ಧಾರಾಳ, ಆದ್ದರಿಂದ ರಂಜಕ ಕಡಿಮೆಯಿರುವ ಮಣ್ಣಿಗೆ ಒಳ್ಳೆಯ ಆಯ್ಕೆ. ಹಸಿಯಾಗಿ ಹಾಕಿದರೆ ಅಮೋನಿಯಾದ ಕಾವಿಗೆ ಎಳೆ ಸಸಿ ಸುಡುತ್ತದೆ, ಕಳಿಸಿಯೇ ಹಾಕಬೇಕು. ಸವಳು ಮಣ್ಣಿಗೆ ಅದರ ಉಪ್ಪು ಬೇಡ.

ನೀರಿನ ಮೇಲೆ ಬೆಳೆಯುವ ಗೊಬ್ಬರ

ಭತ್ತದ ಗದ್ದೆ ತನ್ನ ನೀರಿನಲ್ಲೇ ಸ್ವಲ್ಪ ಸಾರಜನಕ ಹುಟ್ಟಿಸಿಕೊಳ್ಳುತ್ತದೆ. ನೀಲಿ-ಹಸಿರು ಪಾಚಿಯ ಈ ಕೆಲಸವನ್ನು ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ಪ್ರಕಟಿಸಿದ್ದರು. ಅಜೋಲಾ ಎಂಬ ಪುಟ್ಟ ಜರಿಗಿಡ ತನ್ನ ಎಲೆಯೊಳಗಿನ ಪೊಟರೆಯಲ್ಲಿ ಅಂಥದೇ ಸೂಕ್ಷ್ಮಜೀವಿಯನ್ನು ಸಾಕಿಕೊಂಡಿರುತ್ತದೆ. ಎರಡರಲ್ಲಿ ಯಾವುದು ಎಂದರೆ ನಾನು ಅಜೋಲಾ ಎನ್ನುತ್ತೇನೆ, ಕಾರಣ ಅದು ಕಣ್ಣಿಗೆ ಕಾಣುತ್ತದೆ. ಎಷ್ಟು ಬೆಳೆಯಿತು, ಯಾವಾಗ ತುಳಿಸಬೇಕು ಎಂದು ತಿಳಿಯುತ್ತದೆ. ಅನುಕೂಲದ ಹವೆಯಲ್ಲಿ ಮೂರರಿಂದ ಐದು ದಿನಕ್ಕೆ ಎರಡರಷ್ಟಾಗುತ್ತದೆ. ಗದ್ದೆ ತುಂಬ ಒಂದು ಪದರ ಹರಡಿ ಮಣ್ಣಿಗೆ ಸೇರಿಸಿದರೆ ಎಕರೆಗೆ ಎಂಟರಿಂದ ಹನ್ನೆರಡು ಕಿಲೋ ಸಾರಜನಕ ನಿರೀಕ್ಷಿಸಬಹುದು. ಹಸಿರು ಚಾಪೆ ಹರಡಿದಾಗ ಕಳೆಯೂ ಕಡಿಮೆ.

ಬಡ ಮಣ್ಣಿನಲ್ಲಿ ಇದಕ್ಕೂ ಅದೇ ರಂಜಕದ ಕೊರಗು. ಅಜೋಲಾ ಕೆಂಪಾಗಿ, ಚಿಕ್ಕದಾಗಿ, ಬೇರು ಉದ್ದವಾಗಿದ್ದರೆ ಹಸಿದಿದೆ ಎಂದರ್ಥ. ಅತಿ ಬಿಸಿಲಿಗೂ ಕೆಂಪಾಗುತ್ತದೆ, ಪೈರಿನ ನೆರಳಿನಲ್ಲಿ ಇರುವುದನ್ನು ನೋಡಿ ಬೇರ್ಪಡಿಸಿಕೊಳ್ಳಿ. ನೀರು ನಿಲ್ಲದ ಮರಳು ಗದ್ದೆಗೆ, ಆಗಾಗ ಒಣಗುವ ಗದ್ದೆಗೆ ಅಜೋಲಾ, ಪಾಚಿ ಎರಡೂ ಆಗಿಬರುವುದಿಲ್ಲ.

ಹುಲ್ಲು, ಉಮಿ, ಇದ್ದಿಲು

ಭತ್ತ ಹೀರಿದ ಪೊಟ್ಯಾಷ್‌ನಲ್ಲಿ ನೂರಕ್ಕೆ ಎಂಬತ್ತರಷ್ಟು ಹುಲ್ಲಿನಲ್ಲೇ ಉಳಿದಿರುತ್ತದೆ, ಸಿಲಿಕಾದ ಬಹುಪಾಲೂ ಅಷ್ಟೇ. ಹುಲ್ಲು ಮಾರಿ ಪೊಟ್ಯಾಷ್ ಕೊಳ್ಳುವವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಬೇಡುತ್ತಿದ್ದಾರೆ. ಸುಟ್ಟರೆ ಸಾರಜನಕ ಬಹುತೇಕ ಪೂರ್ತಿ ಹೊಗೆಯಾಗುತ್ತದೆ.

ಹಾಗೆಂದು ಒಣ ಹುಲ್ಲನ್ನು ನಾಟಿಗೆ ಮುಂಚೆ ಕೆಸರಿಗೆ ತುಳಿದರೆ ಬೇರೆ ಪಾಡು. ಹುಲ್ಲಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 60ರಿಂದ 80 ಪಾಲು. ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಹುಲ್ಲಿನ ಸಾರಜನಕ ಸಾಲದೆ ಮಣ್ಣಿನದನ್ನೂ ಎಳೆದುಕೊಳ್ಳುತ್ತವೆ, ಪೈರು ಮೊದಲ ಮೂರ್ನಾಲ್ಕು ವಾರ ಹಳದಿಯಾಗಿ ನಿಲ್ಲುತ್ತದೆ. ನಾನೂ ಒಮ್ಮೆ ಅವಸರಕ್ಕೆ ಹೀಗೆ ಮಾಡಿದ್ದೇನೆ. ತೆಂಡೆ ಒಡೆಯುವ ಹೊತ್ತನ್ನು ಕಳೆದುಕೊಂಡ ಪೈರು ಆಮೇಲೆ ಹಸಿರಾದರೂ ಕಳೆದ ತೆಂಡೆ ಮರಳಿ ಬರಲಿಲ್ಲ. ಕೊಯ್ಲಾದ ಕೂಡಲೇ, ಮಣ್ಣಿನಲ್ಲಿ ತೇವವಿರುವಾಗ ಉತ್ತು ಸೇರಿಸಿದರೆ ಮುಂದಿನ ನಾಟಿಯೊಳಗೆ ಕಳಿಯುತ್ತದೆ. ಅದಕ್ಕಿಂತ ಒಳ್ಳೆಯದು ಹುಲ್ಲನ್ನು ಸಗಣಿ ಸೇರಿಸಿ ಕಾಂಪೋಸ್ಟ್ ಮಾಡಿ ಹಿಂದಿರುಗಿಸುವುದು. ನೀರು ನಿಂತ ಗದ್ದೆಯಿಂದ ಏಳುವ ಮೀಥೇನ್ ಅನಿಲವೂ ಆಗ ಕಡಿಮೆ.

ಉಮಿಯ ಇದ್ದಿಲು ಗೊಬ್ಬರವಲ್ಲ, ಪಾತ್ರೆ. ಮರಳು ಮಣ್ಣಿನಲ್ಲಿ ಪೋಷಕಾಂಶ ಮತ್ತು ನೀರನ್ನು ಹಿಡಿದಿಡುತ್ತದೆ, ಮಣ್ಣಿನ ಹುಳಿಯನ್ನು ಸ್ವಲ್ಪ ತಗ್ಗಿಸುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಖಾಲಿ ಪಾತ್ರೆ ಇಟ್ಟರೆ ಹೊಟ್ಟೆ ತುಂಬದಲ್ಲ, ಗಂಜಲದಲ್ಲಿ ನೆನೆಸಿಯೋ ಕಾಂಪೋಸ್ಟಿಗೆ ಬೆರೆಸಿಯೋ ಹಾಕಿ. ಕ್ಷಾರ ಮಣ್ಣಿಗೆ ಇದೂ ಬೇಡ, ಬೂದಿಯೂ ಬೇಡ.

ಡ್ರಮ್ಮಿನ ದ್ರವಗಳು

ಜೀವಾಮೃತದಂಥ ದ್ರವಗಳ ಬಗ್ಗೆ ಜಗಳವಾಡುವ ಬದಲು ಲೆಕ್ಕ ಹಾಕಬಹುದು. ಒಂದು ಎಕರೆಯ 200 ಲೀಟರ್ ಡ್ರಮ್ಮಿಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು. ಸಗಣಿಯಿಂದ ಹೆಚ್ಚೆಂದರೆ 50 ಗ್ರಾಂ ಸಾರಜನಕ, ಗಂಜಲದಿಂದ ಸುಮಾರು 100 ಗ್ರಾಂ, ಹಿಟ್ಟಿನಿಂದ 70 ಗ್ರಾಂ. ಎಲ್ಲ ಸೇರಿ ಕಾಲು ಕಿಲೋ ಕೂಡ ಮುಟ್ಟುವುದಿಲ್ಲ. ಪೈರಿಗೆ ಬೇಕಾದದ್ದು ಟನ್ನಿಗೆ 15 ಕಿಲೋ. ಸೂಕ್ಷ್ಮಜೀವಿಗಳನ್ನು ಹುರಿದುಂಬಿಸುತ್ತದೆ ಎನ್ನುವುದಾದರೆ ಆಗಲಿ, ಆದರೆ ಅವು ದುಡಿಯಲು ಮಣ್ಣಿನಲ್ಲಿ ಸರಕಿರಬೇಕು. ಸಾವಯವ ಅಂಶ ಚೆನ್ನಾಗಿರುವ ಗದ್ದೆಯಲ್ಲಿ ಇದನ್ನು ಬಳಸಿ ಖುಷಿಪಟ್ಟವರ ಮಾತನ್ನು ಬಡ ಮಣ್ಣಿಗೆ ಹಾಗೇ ಒಪ್ಪಿಸಿಕೊಳ್ಳಬೇಡಿ.

ಕಾಯಿಲೆ ಮಣ್ಣಿಗೆ

ಕಬ್ಬಿಣದ ನಂಜಿನ ತಗ್ಗಿನಲ್ಲಿ ಮೊದಲ ಮದ್ದು ಗುದ್ದಲಿ. ಬಸಿಗಾಲುವೆ ತೆಗೆಯದೆ ಬೇರೇನೂ ಬೇಡ. ನೀರು ನಿಂತಾಗ ಮಣ್ಣಿನ ಕಬ್ಬಿಣ ಕರಗುವ ರೂಪಕ್ಕೆ ತಿರುಗುತ್ತದೆ, ಹಸಿ ಸೊಪ್ಪು ಕೊಳೆಯುವಾಗ ಉಳಿದ ಪ್ರಾಣವಾಯುವನ್ನೂ ಹೀರಿ ಆ ಕೆಲಸಕ್ಕೆ ವೇಗ ಕೊಡುತ್ತದೆ. ಡಯಂಚ ಇಲ್ಲಿ ಶತ್ರುವಾಗುವುದು ಹೀಗೆ. ಚೆನ್ನಾಗಿ ಕಳಿತ ಕಾಂಪೋಸ್ಟ್, ಬೂದಿ, ಸುಣ್ಣ ಇವು ಸರಿ. ತೆಂಡೆಯೊಡೆಯುವ ನಡುವೆ ಕೂದಲೆಳೆಯ ಬಿರುಕು ಬರುವವರೆಗೆ ನಾಲ್ಕೈದು ದಿನ ನೀರು ಬಸಿದು ಒಣಗಲು ಬಿಟ್ಟರೆ ಬೇರು ಉಸಿರಾಡುತ್ತದೆ. ಕಪ್ಪು ಬೇರಿಗೂ ಇದೇ ಉಪಾಯ.

ಬರೀ ಹುಳಿ ಮಣ್ಣಾದರೆ ಅಷ್ಟು ಹೆದರಬೇಕಿಲ್ಲ. ನೀರು ನಿಲ್ಲಿಸಿದ ಕೆಲವು ವಾರಗಳಲ್ಲಿ ರಸಸಾರ ತಾನಾಗಿ ತಟಸ್ಥದ ಕಡೆ ಏರುತ್ತದೆ, ಭತ್ತಕ್ಕೆ ಸಿಕ್ಕ ವರ ಅದು. ಅಲ್ಲಿನ ನಿಜವಾದ ಕೊರತೆ ರಂಜಕ, ಶಿಲಾರಂಜಕ ಕರಗುವುದೂ ಅಂಥ ಮಣ್ಣಿನಲ್ಲೇ. ಕ್ಷಾರ ಮಣ್ಣಿಗೆ ಅದನ್ನು ಹಾಕಿದರೆ ಕಲ್ಲುಪುಡಿ ಚೆಲ್ಲಿದಷ್ಟೇ ಲಾಭ.

ಸವಳಿನಲ್ಲಿ ಎರಡು ಬಗೆ, ಗುರುತಿಸದೆ ಗೊಬ್ಬರ ಹಾಕಬೇಡಿ. ಮೇಲೆ ಬಿಳಿ ಉಪ್ಪಿನ ಪದರ, ಕೆಳಗೆ ಹುಡಿ ಮಣ್ಣು ಇದ್ದರೆ ಒಳ್ಳೆಯ ನೀರು ನಿಲ್ಲಿಸಿ ಬಸಿಯುವುದೇ ಮದ್ದು. ಒಣಗಿದಾಗ ಕಲ್ಲು, ನೆಂದಾಗ ಜಾರು, ನೀರು ಇಂಗುವುದೇ ಇಲ್ಲ, ರಸಸಾರ 8.5ಕ್ಕಿಂತ ಮೇಲೆ ಎಂದಾದರೆ ಸೋಡಿಯಂ ಹಿಡಿದಿದೆ. ಅದಕ್ಕೆ ಪರೀಕ್ಷೆ ಹೇಳಿದಷ್ಟು ಜಿಪ್ಸಂ ಹಾಕಿ, ನೀರು ಕಟ್ಟಿ ಬಸಿದು, ಆಮೇಲೆ ಡಯಂಚ. ಜಿಪ್ಸಂ ಗಣಿಯಿಂದ ಬರುವ ಖನಿಜವಾದ್ದರಿಂದ ಸಾವಯವದಲ್ಲೂ ಒಪ್ಪಿಗೆ ಇರುತ್ತದೆ, ಪ್ರಮಾಣಪತ್ರ ಇದ್ದವರು ಮೊದಲೇ ಕೇಳಿಕೊಳ್ಳಿ. ಸತುವಿನ ವಿಷಯದಲ್ಲೂ ಇದೇ ಎಚ್ಚರಿಕೆ. ರಸಸಾರ ಹೆಚ್ಚಿರುವ ಗದ್ದೆಗೆ ರಾಶಿ ಹಸಿರೆಲೆ ತುಳಿದರೆ ಸತು ಇನ್ನೂ ಮುಚ್ಚಿಹೋಗಬಹುದು. ನಾಟಿಗೆ ಮುನ್ನ ಸಸಿಯ ಬೇರನ್ನು 2 ಪ್ರತಿಶತ ಸತುವಿನ ಆಕ್ಸೈಡ್ ಕಲಕಿದ ನೀರಿಗೆ ಅದ್ದುವುದು ಕಡಿಮೆ ಖರ್ಚಿನ ದಾರಿ.

ಮರಳು ಮಣ್ಣು ಕಾಯಿಲೆಯದಲ್ಲ, ತಳ ತೂತಾದ ಕೊಡ. ಡಯಂಚದಿಂದ ಒಮ್ಮೆಗೇ ಬಂದ ಸಾರಜನಕ ಅಲ್ಲಿ ಕೆಳಗಿಳಿದು ಹೋಗುತ್ತದೆ. ಕೊಟ್ಟಿಗೆ ಗೊಬ್ಬರ, ಇದ್ದಿಲು ತಳಗೊಬ್ಬರವಾಗಿ ಹಾಕಿ, ಹಿಂಡಿಯನ್ನು ಮೂರು ನಾಲ್ಕು ಕಂತಿನಲ್ಲಿ ಕೊಡುವುದು ಸರಿಯಾದ ಜೋಡಿ.

ಏನೇ ಆರಿಸಿದರೂ ನೀರಿನ ಶಿಸ್ತು ಒಂದೇ: ಹಸಿರೆಲೆ ತುಳಿದ ಮೇಲೆ ಗದ್ದೆಯನ್ನು ಒಮ್ಮೆ ಒಣಗಿಸಿ ಒಮ್ಮೆ ತುಂಬಿಸಿ ಆಟವಾಡಬೇಡಿ. ಒಣಗಿದಾಗ ಸಾರಜನಕ ನೈಟ್ರೇಟ್ ಆಗುತ್ತದೆ, ಮತ್ತೆ ನೀರು ಬಂದಾಗ ಅನಿಲವಾಗಿ ಹಾರಿಹೋಗುತ್ತದೆ. ಕಬ್ಬಿಣದ ನಂಜೋ ಕಪ್ಪು ಬೇರೋ ಇಲ್ಲದಿದ್ದರೆ ಮೊದಲ ತಿಂಗಳು ತೆಳು ನೀರು ನಿಂತೇ ಇರಲಿ.

ಹೊಸ ಗೊಬ್ಬರ ಪ್ರಯತ್ನಿಸುವ ವರ್ಷ ಗದ್ದೆಯ ಒಂದು ಪಟ್ಟಿಗೆ ಏನೂ ಹಾಕದೆ ಬಿಡಿ, ಕೊಯ್ಲಿನಲ್ಲಿ ಅದರ ಕಾಳನ್ನೂ ಹುಲ್ಲನ್ನೂ ಬೇರೆ ತೂಗಿ. ಆ ಪಟ್ಟಿಯ ಸುತ್ತ ಬದು ಎತ್ತರವಾಗಿ ಕಟ್ಟುವುದನ್ನು ಮರೆಯಬೇಡಿ, ಅಜೋಲಾ ಮತ್ತು ದ್ರವಗೊಬ್ಬರ ನೀರಿನ ಜೊತೆ ಪಕ್ಕಕ್ಕೆ ನಡೆದುಬಿಡುತ್ತವೆ.